ರಾತ್ರಿಯ ಅಪಘಾತಕ್ಕೆ ಬೆಳಿಗ್ಗೆಯ ರಕ್ತ

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಡಿಸೆಂಬರ್ 31 ಕಳೆದ ಮೇಲೆ ಪತ್ರಿಕೆಗಳಲ್ಲಿ ಒಂದು ಫೋಟೊ ಬರುತ್ತದೆ. ಪೊಲೀಸರು ಸರ್ಕಲ್‌ನಲ್ಲಿ ನಿಂತು ಬೈಕ್ ಸವಾರನ ಬಾಯಿಗೆ ಯಂತ್ರ ಹಿಡಿದಿರುತ್ತಾರೆ. ಕೆಳಗೆ ಇಷ್ಟು ಕೇಸು, ಇಷ್ಟು ದಂಡ ಅಂತ ಬರೆದಿರುತ್ತದೆ. ಒಳ್ಳೆಯದೇ, ಮಾಡಲಿ. ಆದರೆ ನಾನು ಕೆಲಸ ಮಾಡಿದ ಜಾಗದಿಂದ ನೋಡಿದರೆ, ಕುಡಿದು ಗಾಡಿ ಓಡಿಸುವವರ ನಿಜವಾದ ಲೆಕ್ಕ ಸಿಗುವುದು ತಾಲ್ಲೂಕು ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ, ರಾತ್ರಿ ಎಂಟರಿಂದ ಹನ್ನೆರಡರ ಒಳಗೆ. ಆ ಲೆಕ್ಕ ಕಳೆದುಹೋಗುವುದೂ ಅಲ್ಲಿಯೇ.

ನಾನು ಬಾಗಲಕೋಟೆ ಜಿಲ್ಲೆಯಲ್ಲಿ ಸರ್ಕಾರಿ ಸ್ಟಾಫ್ ನರ್ಸ್ ಆಗಿದ್ದು ನಿವೃತ್ತಳಾದವಳು. ಸರ್ವಿಸಿನ ಜಾಸ್ತಿ ಭಾಗ ಕಬ್ಬಿನ ಸೀಮೆಯಲ್ಲೇ ಕಳೆಯಿತು. ಜಮಖಂಡಿ, ಮುಧೋಳ, ಮಹಾಲಿಂಗಪುರ, ರಬಕವಿ-ಬನಹಟ್ಟಿ ಕಡೆಯವರಿಗೆ ಕಬ್ಬಿನ ಹಂಗಾಮು ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಬೇರೆ ಕಡೆಯ ಓದುಗರಿಗಾಗಿ ಹೇಳುತ್ತೇನೆ. ಒಂದು ಟ್ರ್ಯಾಕ್ಟರ್‌ಗೆ ಎರಡು ಟ್ರೇಲರ್. ಎರಡೂ ಬದಿಗೆ ಕಬ್ಬು ಚಾಚಿಕೊಂಡಿರುತ್ತದೆ. ಎಷ್ಟೋ ಟ್ರೇಲರ್‌ಗಳಿಗೆ ಹಿಂದೆ ದೀಪ ಇರುವುದಿಲ್ಲ. ರಿಫ್ಲೆಕ್ಟರ್ ಇದ್ದರೂ ಜೋತುಬಿದ್ದ ರವದಿಯಲ್ಲಿ, ಅಂದರೆ ಕಬ್ಬಿನ ಒಣ ಎಲೆಯಲ್ಲಿ, ಮುಚ್ಚಿಹೋಗಿರುತ್ತದೆ. ಡ್ರೈವರ್‌ಗೆ ದುಡ್ಡು ಟ್ರಿಪ್ ಲೆಕ್ಕದಲ್ಲಿ. ಕಾರ್ಖಾನೆಯ ಯಾರ್ಡ್‌ನಲ್ಲಿ ಪಾಳಿ ಹಚ್ಚಿ ತಾಸುಗಟ್ಟಲೆ ಕಾಯಬೇಕು. ಚಳಿ ಬೇರೆ. ಕೆಲವರು ತೊಂಬತ್ತರ, ಅಂದರೆ 90 ಮಿಲಿ ಮದ್ಯದ, ಪಾಕೀಟು ಕಿಸೆಯಲ್ಲಿ ಇಟ್ಟುಕೊಂಡೇ ಹೊರಡುತ್ತಾರೆ. ಎಲ್ಲರೂ ಅಂತ ನಾನು ಹೇಳುವುದಿಲ್ಲ. ಬೀಡಿ ಕೂಡ ಮುಟ್ಟದ ಡ್ರೈವರ್‌ಗಳನ್ನೂ ನೋಡಿದ್ದೇನೆ, ಮತ್ತೊಬ್ಬ ಕುಡಿದು ಮಾಡಿದ್ದಕ್ಕೆ ಅವರು ಕೈಕಾಲು ಮುರಿದುಕೊಂಡು ಬಂದದ್ದನ್ನೂ ನೋಡಿದ್ದೇನೆ.

ಬೈಕ್‌ನವರದ್ದು ಇನ್ನೊಂದು ಕತೆ. ಹೊಲದಲ್ಲಿ ದೇವರ ಕಾರ್ಯ ಅಂತ ಕುರಿ ಕಡಿಯುತ್ತಾರೆ, ಸುತ್ತಲಿನ ಹಳ್ಳಿಯವರೆಲ್ಲ ಊಟಕ್ಕೆ ಸೇರುತ್ತಾರೆ. ಸಂಜೆ ಒಂದೊಂದು ಬೈಕ್ ಮೇಲೆ ಮೂರು ಮೂರು ಜನ ವಾಪಸ್ ಹೊರಡುತ್ತಾರೆ. ವೈನ್ ಶಾಪಿನದು ಸಿಎಲ್-2 ಲೈಸೆನ್ಸ್. ಅಲ್ಲಿ ಕೊಳ್ಳಬಹುದು, ಕುಡಿಯುವ ಹಾಗಿಲ್ಲ. ಸಾರ್ವಜನಿಕ ಜಾಗದಲ್ಲಿ ಕುಡಿಯುವುದೂ ಅಬಕಾರಿ ಕಾಯ್ದೆ ಪ್ರಕಾರ ತಪ್ಪು. ಆದರೂ ಕೊಂಡವರು ಪಕ್ಕದ ಜಾಲಿ ಗಿಡದ ಬುಡದಲ್ಲೇ ಮುಗಿಸಿ, ಅಲ್ಲಿಂದಲೇ ಕಿಕ್ ಹೊಡೆದು ಹೊರಡುವುದನ್ನು ಯಾರು ನೋಡಿಲ್ಲ? ನಮ್ಮ ರಾಜ್ಯದ 2025-26ರ ಬಜೆಟ್‌ನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಬರಬೇಕು ಅಂತ ಗುರಿ ಇಟ್ಟಿದ್ದರು. ಆ ದುಡ್ಡಿನ ಮೇಲೆ ಕಣ್ಣಿಟ್ಟವರು ಜಾಲಿ ಗಿಡದ ಕಡೆಗೂ ಒಮ್ಮೆ ಕಣ್ಣು ಹಾಯಿಸಬಹುದಿತ್ತು.

ಕಾನೂನು ಸಡಿಲ ಇದೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗೇನಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಕಲಂ 185ರ ಪ್ರಕಾರ, ಗಾಡಿ ಓಡಿಸುವವನ 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಜಾಸ್ತಿ ಮದ್ಯಸಾರ ಇದ್ದರೆ ಅಪರಾಧ. ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಎರಡನೇ ಸಲಕ್ಕೆ ಎರಡು ವರ್ಷದವರೆಗೆ ಜೈಲು, ಇಲ್ಲವೇ 15,000 ದಂಡ, ಇಲ್ಲವೇ ಎರಡೂ. 2019ರ ತಿದ್ದುಪಡಿಗೆ ಮೊದಲು ದಂಡ 2,000 ಮತ್ತು 3,000 ಇತ್ತು. ಲೈಸೆನ್ಸ್ ಅನ್ನು ಕನಿಷ್ಠ ಮೂರು ತಿಂಗಳು ಅಮಾನತು ಮಾಡಬೇಕು ಅಂತ ಸುಪ್ರೀಂ ಕೋರ್ಟ್ ನೇಮಿಸಿದ ರಸ್ತೆ ಸುರಕ್ಷತಾ ಸಮಿತಿ 2015ರಲ್ಲೇ ಹೇಳಿದೆ. ಟ್ರ್ಯಾಕ್ಟರ್ ಕೂಡ ಮೋಟಾರು ವಾಹನವೇ. ಹೊಲದ ಗಾಡಿ ಅಂತ ಈ ಕಲಮಿನಿಂದ ಅದಕ್ಕೆ ರಿಯಾಯಿತಿ ಇಲ್ಲ.

30 ಮಿಲಿಗ್ರಾಂ ಅಂದರೆ ಎಷ್ಟು? ನಮ್ಮಲ್ಲಿ ಸಿಗುವ ವಿಸ್ಕಿ, ರಮ್‌ಗಳಲ್ಲಿ ಶೇ 42.8ರಷ್ಟು ಮದ್ಯಸಾರ ಇರುತ್ತದೆ. 65 ಕೆಜಿ ತೂಕದ ಗಂಡಸು ಖಾಲಿ ಹೊಟ್ಟೆಯಲ್ಲಿ ಒಂದು ತೊಂಬತ್ತು ಹಾಕಿದರೆ ರಕ್ತದಲ್ಲಿ 60ರ ಆಸುಪಾಸು ಬರುತ್ತದೆ. ಅಂದರೆ ಮಿತಿಯ ಎರಡು ಪಟ್ಟು. "ಒಂದ ನೈಂಟಿ ತಗೊಂಡೇನ್ರಿ, ಅಷ್ಟಕ್ಕ ಏನ್ ಆಗತೈತಿ" ಅನ್ನುವ ಮಾತನ್ನು ನಾನು ಡ್ರೆಸ್ಸಿಂಗ್ ಮಾಡುತ್ತ ಮಾಡುತ್ತ ಕೇಳಿದ್ದೇನೆ. ಲಿಂಬೆಹಣ್ಣು, ಉಳ್ಳಾಗಡ್ಡಿ, ಯಾಲಕ್ಕಿ, ಗುಟ್ಕಾ ಯಾವುದೂ ಈ ಲೆಕ್ಕ ಬದಲಿಸುವುದಿಲ್ಲ. ಬಾಯಿಯ ವಾಸನೆ ಸ್ವಲ್ಪ ಮುಚ್ಚೀತು, ಅಷ್ಟೇ. ಯಂತ್ರ ಅಳೆಯುವುದು ಪುಪ್ಪುಸದ ಆಳದಿಂದ ಬರುವ ಉಸಿರನ್ನು.

ಈಗ ನಾನು ಈ ಪತ್ರ ಬರೆಯಲು ಕೂತ ಕಾರಣಕ್ಕೆ ಬರುತ್ತೇನೆ. ಕುಡಿದದ್ದು ದೇಹದಿಂದ ತಾನಾಗಿಯೇ ಇಳಿಯುತ್ತ ಹೋಗುತ್ತದೆ. ತಾಸಿಗೆ ಸುಮಾರು 15 ಮಿಲಿಗ್ರಾಂ ಅಂತ ಹಿಡಿಯಿರಿ, ಒಬ್ಬೊಬ್ಬರಲ್ಲಿ ಸ್ವಲ್ಪ ಹೆಚ್ಚುಕಮ್ಮಿ. ರಾತ್ರಿ ಹತ್ತು ಗಂಟೆಗೆ ಅಪಘಾತವಾದಾಗ 150 ಇದ್ದವನ ರಕ್ತವನ್ನು ಬೆಳಿಗ್ಗೆ ಒಂಬತ್ತಕ್ಕೆ ತೆಗೆದರೆ ಹನ್ನೊಂದು ತಾಸು ಕಳೆದಿರುತ್ತದೆ. ಸಿಗುವುದು ಸೊನ್ನೆ. ಆ 150 ಅಂದರೆ ನೆಟ್ಟಗೆ ನಿಲ್ಲಲಾಗದ, ಎದುರಿನ ದೀಪ ಎಷ್ಟು ದೂರದಲ್ಲಿದೆ ಅಂತ ತಿಳಿಯದ ಸ್ಥಿತಿ. ಬೆಳಿಗ್ಗೆ ಅದೇ ಮನುಷ್ಯ ಚಹಾ ಕುಡಿದು, ತಲೆ ಬಾಚಿಕೊಂಡು, "ನಾ ಮುಟ್ಟೇ ಇಲ್ಲರಿ" ಅನ್ನುತ್ತಾನೆ. ಕಾಗದ ಕೂಡ ಅವನ ಪರವಾಗಿಯೇ ಮಾತಾಡುತ್ತದೆ.

ನಾವು ರಾತ್ರಿ ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಕೇಸು ಅಂತ ದಾಖಲೆ, ಮಾಡಿ ಠಾಣೆಗೆ ತಿಳಿಸುತ್ತಿದ್ದೆವು. ಪೊಲೀಸರು ಕೆಲವು ಸಲ ಆಗಲೇ ಬರುತ್ತಿದ್ದರು. ಬಹಳ ಸಲ ಬೆಳಿಗ್ಗೆ ಹೇಳಿಕೆ ಬರೆದುಕೊಳ್ಳಲು ಬರುತ್ತಿದ್ದರು. ಅವರನ್ನೂ ಸುಮ್ನೆ ಬೈಯಲಾರೆ. ರಾತ್ರಿ ಠಾಣೆಯಲ್ಲಿ ಇರುವ ಇಬ್ಬರು ಮೂವರಲ್ಲಿ ಒಬ್ಬರು ಜಾತ್ರೆ ಬಂದೋಬಸ್ತಿಗೆ, ಒಬ್ಬರು ಗಸ್ತಿಗೆ, ಉಳಿದವರು ಅಪಘಾತದ ಜಾಗದಲ್ಲಿ ಟ್ರ್ಯಾಕ್ಟರ್ ಎತ್ತಿಸುತ್ತಿರುತ್ತಾರೆ. ರಕ್ತ ತೆಗೆಯಲು ಪೊಲೀಸರ ಲಿಖಿತ ಕೋರಿಕೆ ಬೇಕು. ಕೋರಿಕೆ ಇಲ್ಲದೆ ರಾತ್ರಿ ಡ್ಯೂಟಿಯ ಡಾಕ್ಟರ್ ಆ ಗೊಡವೆಗೆ ಹೋಗುವುದಿಲ್ಲ. ನಾಳೆ ಕೋರ್ಟಿನಲ್ಲಿ ನಿಲ್ಲಬೇಕಾದವರು ಅವರೇ.

ಆದರೆ ಕಾಯ್ದೆಯಲ್ಲಿ ದಾರಿ ಇದೆ. ಅಪಘಾತ ಮಾಡಿದ ಚಾಲಕ ಕುಡಿದಿರಬಹುದು ಅಂತ ಸಕಾರಣ ಸಂಶಯ ಬಂದರೆ ಪೊಲೀಸರು ಉಸಿರಿನ ಪರೀಕ್ಷೆ ಕೇಳಬಹುದು. ಅವನು ಆಸ್ಪತ್ರೆಯಲ್ಲಿ ಮಲಗಿದ್ದರೂ ಕೇಳಬಹುದು, ರಕ್ತವನ್ನೂ ಕೇಳಬಹುದು. ಇದರಿಂದ ಚಿಕಿತ್ಸೆಗೆ ತೊಂದರೆ ಅಂತ ಡಾಕ್ಟರ್ ಹೇಳಿದರೆ ಮಾತ್ರ ಬಿಡಬೇಕು. ಇವೆಲ್ಲ ಕಲಂ 203 ಮತ್ತು 204ರಲ್ಲಿವೆ. ಕಾರಣವಿಲ್ಲದೆ ಒಲ್ಲೆ ಅಂದರೆ, ಆ ಒಲ್ಲೆ ಅನ್ನುವುದನ್ನೇ ಕೋರ್ಟ್ ಅವನ ವಿರುದ್ಧ ಹಿಡಿಯಬಹುದು ಅಂತ 205 ಹೇಳುತ್ತದೆ. ರಸ್ತೆಯಲ್ಲಿ ಕುಡಿದು ಸಿಕ್ಕು ಬಂಧನಕ್ಕೆ ಒಳಗಾದವನನ್ನು ಎರಡು ತಾಸಿನೊಳಗೆ ವೈದ್ಯಕೀಯ ಪರೀಕ್ಷೆ ಮಾಡಿಸಬೇಕು, ಇಲ್ಲದಿದ್ದರೆ ಬಿಡಬೇಕು ಅಂತ 202 ಹೇಳುತ್ತದೆ. ಅಂದರೆ ಹೊತ್ತಿನ ಬೆಲೆ ಕಾಯ್ದೆ ಬರೆದವರಿಗೆ ಗೊತ್ತಿತ್ತು.

ವಾಸನೆ ಬಂತು ಅಂತ ಬರೆದರೆ ಸಾಲದೇ ಅಂತ ಕೇಳುವವರಿದ್ದಾರೆ. ಸಾಲುವುದಿಲ್ಲ. ಬಾಯಿ ವಾಸನೆ, ತೂರಾಟ, ತೊದಲು ಮಾತು, ಅಗಲವಾದ ಕಣ್ಣಿನ ಪಾಪೆ, ಇಷ್ಟರಿಂದಲೇ ಕುಡಿದಿದ್ದ ಅಂತ ಖಚಿತವಾಗಿ ಹೇಳಲಾಗದು ಅಂತ ಸುಪ್ರೀಂ ಕೋರ್ಟ್ 1971ರಲ್ಲೇ ಹೇಳಿದೆ. ಅದು ಸರಿಯಾದ ಮಾತು. ತಲೆಗೆ ಪೆಟ್ಟು ಬಿದ್ದವನೂ ತೊದಲುತ್ತಾನೆ, ಸಕ್ಕರೆ ಕಾಯಿಲೆಯವನಿಗೆ ಸಕ್ಕರೆ ಇಳಿದರೂ ತೂರಾಡುತ್ತಾನೆ. ಮುಗ್ಧನನ್ನು ಉಳಿಸುವುದೂ ಅದೇ ರಕ್ತದ ಪರೀಕ್ಷೆಯೇ.

ರಕ್ತ ತೆಗೆಯುವುದರಲ್ಲೂ ಒಂದು ಪದ್ಧತಿ ಇದೆ. ಸೂಜಿ ಚುಚ್ಚುವ ಮೊದಲು ನಮ್ಮ ಕೈ ತಾನಾಗಿಯೇ ಸ್ಪಿರಿಟ್ ಹತ್ತಿಯ ಕಡೆ ಹೋಗುತ್ತದೆ. ಇಲ್ಲಿ ಅದು ನಡೆಯುವುದಿಲ್ಲ. ಸ್ಪಿರಿಟ್ ಅಂದರೇ ಮದ್ಯಸಾರ. ಅದರಿಂದ ಒರೆಸಿ ರಕ್ತ ತೆಗೆದರೆ, "ಸ್ಪಿರಿಟ್ ಹಚ್ಚಿದ್ದರಿಂದ ಬಂದದ್ದು" ಅಂತ ವಕೀಲರು ಕೋರ್ಟಿನಲ್ಲಿ ಒಂದೇ ಪ್ರಶ್ನೆಗೆ ಕೇಸು ಮುಗಿಸುತ್ತಾರೆ. ಸಾಬೂನು ನೀರಿನಿಂದ ಒರೆಸಿ ಒಣಗಿಸಬೇಕು. ರಕ್ತವನ್ನು ಸೋಡಿಯಂ ಫ್ಲೋರೈಡ್ ಇರುವ ಬಾಟಲಿಗೆ ಹಾಕಬೇಕು. ಸಾದಾ ಬಾಟಲಿಗೆ ಹಾಕಿ ಬಿಸಿಲಲ್ಲಿ ಬಿಟ್ಟರೆ ರಕ್ತ ಹುಳಿತು ಒಳಗೇ ಮದ್ಯಸಾರ ಹುಟ್ಟಬಹುದು. ಆಮೇಲೆ ಅರಗಿನ ಮುದ್ರೆ, ಹೆಸರು, ತೆಗೆದ ಹೊತ್ತು, ಸಹಿ, ಫ್ರಿಜ್, ಅಲ್ಲಿಂದ ಬೆಳಗಾವಿಯ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯ. ತೆಗೆದ ಹೊತ್ತು ಬರೆಯುವುದನ್ನು ಬಹಳ ಜನ ಮರೆಯುತ್ತಾರೆ. ಹೊತ್ತು ಇಲ್ಲದಿದ್ದರೆ ರಿಪೋರ್ಟಿನ ಅಂಕಿಗೆ ಅರ್ಧ ಬೆಲೆಯೂ ಇಲ್ಲ. ಇಷ್ಟಕ್ಕೆ ಬೇಕಾದ ಸಾಮಾನು ಒಂದು ಚಿಕ್ಕ ಡಬ್ಬಿಯಲ್ಲಿ ಹಿಡಿಯುತ್ತದೆ. ಆ ಡಬ್ಬಿ ಎಷ್ಟು ಆಸ್ಪತ್ರೆಗಳ ಕ್ಯಾಶುವಾಲ್ಟಿಯಲ್ಲಿ ರಾತ್ರಿ ಕೈಗೆ ಸಿಗುತ್ತದೆ? ಬೀಗ ಹಾಕಿದ ಸ್ಟೋರಿನಲ್ಲಿ ಇದ್ದರೆ ಇದ್ದೂ ಇಲ್ಲದ ಹಾಗೆ.

ಇನ್ನು ಕಷ್ಟದ ಮಾತು. ಗಾಯಾಳುವಿನ ಹಿಂದೆಯೇ ಮನೆಯವರು ಬರುತ್ತಾರೆ, ಅವರ ಹಿಂದೆ ಊರಿನ ಹಿರಿಯರು. ಮೊದಲು ಅಳು, ಆಮೇಲೆ ಮೆಲ್ಲಗೆ ಒಬ್ಬರು ಪಕ್ಕಕ್ಕೆ ಕರೆಯುತ್ತಾರೆ. "ಸಿಸ್ಟರ್, ವಾಸನಿ ಗೀಸನಿ ಅಂತ ಬರಿಬ್ಯಾಡ್ರಿ. ಇನ್ಶೂರೆನ್ಸ್ ಹೊಕ್ಕೈತಿ. ಸಣ್ಣ ಸಣ್ಣ ಹುಡುಗ್ರ ಅದಾವ್ರಿ ಮನ್ಯಾಗ." ಹೀಗೆ ಹೇಳುವವರು ಕೆಟ್ಟವರಲ್ಲ. ಗಂಡ ಸ್ಟ್ರೆಚರ್ ಮೇಲೆ ಇರುವಾಗ ಹೆಂಡತಿ ಮತ್ತೇನು ಹೇಳಿಯಾಳು? ಹಿರಿಯರೂ ಆ ಮನೆಗೆ ಒಳ್ಳೆಯದಾಗಲಿ ಅಂತಲೇ ಹೇಳುವುದು. ಆ ಒಳ್ಳೆಯತನದಿಂದಲೇ ಒಂದು ಸಾಲು ಬರೆಯದೆ ಉಳಿಯುತ್ತದೆ.

ಇನ್ಶೂರೆನ್ಸ್ ಬಗ್ಗೆ ಜನ ಹೆದರುವುದರಲ್ಲಿ ಅರ್ಧ ನಿಜ, ಅರ್ಧ ತಪ್ಪು ತಿಳಿವಳಿಕೆ. ಕುಡಿದು ಓಡಿಸಿದವನ ಸ್ವಂತ ಗಾಡಿಯ ರಿಪೇರಿಗೆ ಕಂಪನಿ ದುಡ್ಡು ಕೊಡುವುದಿಲ್ಲ, ಇದು ನಿಜ. ಗಾಡಿ ಮಾಲೀಕನೇ ಓಡಿಸುತ್ತಿದ್ದು ಸತ್ತರೆ ಸಿಗಬೇಕಾದ 15 ಲಕ್ಷದ ವೈಯಕ್ತಿಕ ಅಪಘಾತ ವಿಮೆಯಲ್ಲೂ ಕುಡಿದಿದ್ದರೆ ಇಲ್ಲ ಅನ್ನುವ ಷರತ್ತು ಇದೆ. ಆದರೆ ರಕ್ತ ತೆಗೆಯದಿದ್ದರೆ ಪಾರು ಅಂದುಕೊಳ್ಳುವುದು ತಪ್ಪು. ಉಸಿರು, ರಕ್ತದ ಪರೀಕ್ಷೆ ಆಗದಿದ್ದರೂ ಬೇರೆ ಸಂದರ್ಭಗಳಿಂದ ಕುಡಿದಿದ್ದ ಅಂತ ತೋರಿಸಿ ಕಂಪನಿ ಸ್ವಂತ ಗಾಡಿಯ ಕ್ಲೇಮ್ ನಿರಾಕರಿಸಬಹುದು ಅಂತ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ಆ ಕೇಸು ದಿಲ್ಲಿಯಲ್ಲಿ ಪಲ್ಟಿಯಾದ ಒಂದು ಪೋರ್ಷೆ ಕಾರಿನದು.

ಹಾಗಾದರೆ ಅವನ ಗಾಡಿಗೆ ಸಿಕ್ಕವರ ಗತಿ? ಇಲ್ಲೇ ಜನ ಜಾಸ್ತಿ ತಪ್ಪು ತಿಳಿದಿರುವುದು. ಕುಡಿದಿದ್ದ ಅಂತ ಬರೆದರೆ ಸತ್ತವರ ಮನೆಗೂ ಪರಿಹಾರ ಬರುವುದಿಲ್ಲ ಅಂದುಕೊಂಡು, ಪೆಟ್ಟು ತಿಂದ ಕಡೆಯವರೇ "ಹೋಗ್ಲಿ ಬಿಡ್ರಿ, ಬರಿಬ್ಯಾಡ್ರಿ" ಅಂದದ್ದನ್ನು ನಾನು ಕೇಳಿದ್ದೇನೆ. ಕಂಪನಿ ಮೊದಲು ಪರಿಹಾರ ಕೊಡಲಿ, ಆಮೇಲೆ ಗಾಡಿ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಅಂತ ಇಂಥ ಕೇಸುಗಳಲ್ಲಿ ಕೋರ್ಟುಗಳು ಆದೇಶ ಮಾಡಿವೆ. ಹಾಗಾಗಿ ಪೆಟ್ಟು ತಿಂದವರು ಈ ಹೆದರಿಕೆಯಿಂದ ಬಾಯಿ ಮುಚ್ಚಿಕೊಳ್ಳುವುದು ಬೇಡ, ಒಬ್ಬ ವಕೀಲರನ್ನು ಕೇಳಲಿ. ಬರೆಯದೆ ಬಿಟ್ಟರೆ ಲಾಭ ಆಗುವುದು ಕುಡಿದು ಓಡಿಸಿದವನಿಗೆ ಮತ್ತು ಅವನ ಕೈಗೆ ಸ್ಟೇರಿಂಗ್ ಕೊಟ್ಟ ಮಾಲೀಕನಿಗೆ. ಕುಡಿದವನ ಮಕ್ಕಳು ಬೀದಿಗೆ ಬೀಳಬಾರದು, ನಿಜ. ಅದಕ್ಕೆ ಸರ್ಕಾರ ಬೇರೆ ದಾರಿ ಹುಡುಕಲಿ. ಆಸ್ಪತ್ರೆಯ ಕಾಗದ ಸುಳ್ಳು ಹೇಳಿ ಅವರನ್ನು ಸಾಕುವುದು ಬೇಡ.

ಮಾಲೀಕನ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ಕುಡಿದು ಓಡಿಸಲು ಕುಮ್ಮಕ್ಕು ಕೊಟ್ಟವನಿಗೂ ಅದೇ ಶಿಕ್ಷೆ ಅಂತ ಕಲಂ 188 ಇದೆ. ಡ್ರೈವರ್‌ಗೆ ಪಗಾರದ ಬದಲು ಸಂಜೆಯ ಬಾಟಲಿ ಕೊಡಿಸಿ ರಾತ್ರಿ ಲೋಡ್ ಕಳಿಸುವವರು ಅದನ್ನೊಮ್ಮೆ ಯಾರಿಂದಲಾದರೂ ಓದಿಸಿಕೊಳ್ಳಲಿ.

ಕುಡಿದವನು ಅಪಘಾತ ಮಾಡಿ ಓಡಿಹೋಗುವುದೂ ಇದೇ ಹೊತ್ತಿನ ಲೆಕ್ಕದಿಂದ. ಜನ ಹೊಡೆಯುತ್ತಾರೆ ಅನ್ನುವ ಹೆದರಿಕೆ ಒಂದು. ಬೆಳಗಾದರೆ ಇಳಿಯುತ್ತದೆ ಅನ್ನುವ ಜಾಣತನ ಇನ್ನೊಂದು. 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅಜಾಗರೂಕತೆಯಿಂದ ಸಾವು ತಂದರೆ ಐದು ವರ್ಷದವರೆಗೆ ಜೈಲು. ಮೊದಲು ಎರಡು ವರ್ಷ ಇತ್ತು. ಓಡಿಹೋದರೆ ಹತ್ತು ವರ್ಷ ಅನ್ನುವ 106(2)ನ್ನು ಲಾರಿ ಚಾಲಕರ ಮುಷ್ಕರದ ಮೇಲೆ ಜಾರಿ ಮಾಡದೆ ತಡೆಹಿಡಿದರು. ಮುಂಬೈನಲ್ಲಿ 2006ರಲ್ಲಿ ಕಾರು ಫುಟ್‌ಪಾತ್ ಮೇಲೆ ಹರಿದು ಮಲಗಿದ್ದ ಏಳು ಜನ ಕೂಲಿಗಳು ಸತ್ತರು. ಆ ಚಾಲಕನ ಮೂರು ವರ್ಷದ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 2012ರಲ್ಲಿ ಎತ್ತಿಹಿಡಿಯಿತು. ಅದನ್ನು ಬರೀ ಅಜಾಗರೂಕತೆ ಅಂತ ಬಿಡಲಿಲ್ಲ, ಕೊಲೆಯಲ್ಲದ ನರಹತ್ಯೆ ಅಂತಲೇ ನೋಡಿತು. ಅವನು ಕುಡಿದಿದ್ದ ಅನ್ನುವುದಕ್ಕೆ ರಕ್ತದ ರಿಪೋರ್ಟ್ ಇತ್ತು. ನಮ್ಮ ತಾಲ್ಲೂಕಿನ ಕೇಸಿನಲ್ಲಿ ಆ ಕಾಗದ ಎಲ್ಲಿಂದ ತರುವುದು?

ರಕ್ತದ ಬಾಟಲಿಗೆ ಎಷ್ಟು ಬೆಲೆ ಇದೆ ಅಂತ 2024ರ ಮೇ ತಿಂಗಳಲ್ಲಿ ಪುಣೆಯವರು ತೋರಿಸಿಕೊಟ್ಟರು. ಕಾರು ಗುದ್ದಿ ಇಬ್ಬರು ಯುವ ಎಂಜಿನಿಯರುಗಳು ಸತ್ತ ಕೇಸಿನಲ್ಲಿ ಕಾರು ಓಡಿಸುತ್ತಿದ್ದ ಹುಡುಗನ ರಕ್ತದ ಮಾದರಿಯನ್ನೇ ಬದಲಿಸಿದರು ಅನ್ನುವ ಆರೋಪದ ಮೇಲೆ ವೈದ್ಯರು ಜೈಲಿಗೆ ಹೋದರು. ದೊಡ್ಡವರ ಮಗನಾದರೆ ಬಾಟಲಿ ಬದಲಿಸುವ ಶ್ರಮ. ನಮ್ಮ ಕಡೆ ಅದೂ ಬೇಕಿಲ್ಲ, ಬಾಟಲಿ ತುಂಬುವುದೇ ಇಲ್ಲ.

ಇದರ ಫಲ ದೇಶದ ಲೆಕ್ಕದಲ್ಲೂ ಕಾಣುತ್ತದೆ. 2022ರಲ್ಲಿ ನಮ್ಮ ರಸ್ತೆಗಳಲ್ಲಿ 1,68,491 ಜನ ಸತ್ತರು ಅಂತ ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅದರಲ್ಲಿ ಕುಡಿತದ ಪಾಲು ಶೇ 3ಕ್ಕಿಂತ ಕಡಿಮೆ. ಶೇ 70ಕ್ಕಿಂತ ಹೆಚ್ಚು ಅತಿವೇಗದ ಖಾತೆಗೆ. ರಾತ್ರಿ ಡ್ಯೂಟಿ ಮಾಡಿದ ಯಾವ ನರ್ಸನ್ನಾದರೂ ಕೇಳಿ, ಈ ಶೇಕಡಾ ನೋಡಿ ನಗುತ್ತಾಳೆ. ಅಳೆಯದೇ ಇದ್ದದ್ದು ಲೆಕ್ಕಕ್ಕೆ ಹೇಗೆ ಬಂದೀತು? ಈ ಅಂಕಿ ಇಟ್ಟುಕೊಂಡು ನಾಳೆ ಯಾರಾದರೂ, ನಮ್ಮಲ್ಲಿ ಕುಡಿದು ಓಡಿಸುವ ಸಮಸ್ಯೆ ಅಷ್ಟೊಂದಿಲ್ಲ ಅಂತ ಭಾಷಣ ಮಾಡಿದರೂ ಆಶ್ಚರ್ಯವಿಲ್ಲ.

ನನ್ನ ಜತೆ ಕೆಲಸ ಮಾಡಿದವರಿಗೂ ಒಂದು ಮಾತು. ವಾಸನೆ ಬಂದ ತಕ್ಷಣ "ಕುಡದಾನ, ಮಲಗಲಿ ಬಿಡ್ರಿ" ಅಂತ ಮೂಲೆಗೆ ಹಾಕುವ ರೂಢಿ ಅಪಾಯದ್ದು. ತಲೆಬುರುಡೆಯೊಳಗೆ ರಕ್ತ ಸೋರುತ್ತಿರುವವನೂ ಹಾಗೇ ಗೊರಕೆ ಹೊಡೆಯುತ್ತ ಮಲಗುತ್ತಾನೆ. ಟಾರ್ಚ್ ಬಿಟ್ಟು ಎರಡೂ ಪಾಪೆ ಸಮ ಇವೆಯೇ ನೋಡಬೇಕು, ಕರೆದರೆ ಕಣ್ಣು ತೆರೆಯುತ್ತಾನೆಯೇ ಅಂತ ಮೇಲಿಂದ ಮೇಲೆ ನೋಡಿ ಬರೆಯಬೇಕು, ಒಂದು ಪಾಪೆ ದೊಡ್ಡದಾಗುತ್ತಿದ್ದರೆ ಬೆಳಗಿನವರೆಗೆ ಕಾಯದೆ ಸಿಟಿ ಸ್ಕ್ಯಾನ್ ಇರುವ ಕಡೆ ಕಳಿಸಬೇಕು. ರಕ್ತದ ಅಂಕಿ ಇಲ್ಲೂ ಕೆಲಸಕ್ಕೆ ಬರುತ್ತದೆ. 40 ಇದ್ದವನು ಎಚ್ಚರ ತಪ್ಪಿ ಬಿದ್ದಿದ್ದರೆ ಅದಕ್ಕೆ ಕುಡಿತ ಕಾರಣ ಅಲ್ಲ, ಬೇರೆ ಏನೋ ಇದೆ ಅಂತ ಅರ್ಥ.

ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ ಅಂತ ಒಂದಿದೆ. ಪೊಲೀಸ್, ಆರ್‌ಟಿಒ, ಆರೋಗ್ಯ ಇಲಾಖೆ ಎಲ್ಲರೂ ಒಂದೇ ಮೇಜಿಗೆ ಕೂರುತ್ತಾರೆ. ಬಾಗಲಕೋಟೆ, ಬೆಳಗಾವಿ, ವಿಜಯಪುರ ಮೂರೂ ಜಿಲ್ಲೆಗಳ ಸಮಿತಿಗಳು ಹಂಗಾಮು ಶುರುವಾಗುವ ಮೊದಲು ಒಂದು ವ್ಯವಸ್ಥೆ ಮಾಡಲಿ. ಅಪಘಾತದ ಚಾಲಕನೊಬ್ಬ ಆಸ್ಪತ್ರೆಗೆ ಬಂದರೆ, ಕುಡಿದ ಲಕ್ಷಣ ಇದೆ ಅಂತ ಡಾಕ್ಟರ್ ಬರೆದ ಕೂಡಲೇ ಠಾಣೆಯಿಂದ ಕೋರಿಕೆ ಪತ್ರ ಆ ತಾಸಿನಲ್ಲೇ ಬರಬೇಕು. ಯಾರು ತರುತ್ತಾರೆ ಅನ್ನುವುದು ಡ್ಯೂಟಿ ಪಟ್ಟಿಯಲ್ಲಿ ಮೊದಲೇ ಬರೆದಿರಲಿ. ಫ್ಲೋರೈಡ್ ಬಾಟಲಿಯ ಡಬ್ಬಿ ಕ್ಯಾಶುವಾಲ್ಟಿಯ ಮೇಜಿನ ಮೇಲಿರಲಿ, ಬೀಗದ ಕೈ ಹುಡುಕುವ ಹಾಗಾಗಬಾರದು. ಉಸಿರಿನ ಯಂತ್ರಗಳಲ್ಲಿ ಒಂದನ್ನಾದರೂ ಸಿಟಿ ಸರ್ಕಲ್‌ನಿಂದ ಬಿಡಿಸಿ, ಸಂಜೆ ಏಳರ ಮೇಲೆ ಕಾರ್ಖಾನೆ ಯಾರ್ಡಿನ ಗೇಟಿಗೆ ಮತ್ತು ಗದ್ದನಕೇರಿ ಕ್ರಾಸಿನಂಥ ಕಡೆಗೆ ಕಳಿಸಲಿ. ಬೆಳಿಗ್ಗೆ ಆರಕ್ಕೂ ಒಮ್ಮೆ ನಿಲ್ಲಲಿ. ರಾತ್ರಿ ಹನ್ನೊಂದಕ್ಕೆ 150 ಇದ್ದವನಲ್ಲಿ ಆಗಲೂ 45 ಉಳಿದಿರುತ್ತದೆ, ಮತ್ತು ಆ ಹೊತ್ತಿಗೆ ಶಾಲೆಯ ಗಾಡಿಗಳು ಹೊರಡುತ್ತವೆ.

ಇದಕ್ಕೆ ಹೊಸ ಕಾಯ್ದೆಯೂ ಬೇಡ, ಬೆಂಗಳೂರಿನ ಅಪ್ಪಣೆಯೂ ಬೇಡ. ಒಂದು ಸುತ್ತೋಲೆ ಸಾಕು. ಮುಂದಿನ ಸಭೆಯಲ್ಲಿ ಇದರ ಬಗ್ಗೆ ಏನು ನಿರ್ಧಾರವಾಯಿತು ಅಂತ ನಿಮ್ಮ ವರದಿಗಾರರು ಕೇಳಿ ಬರೆದರೆ ಉಪಕಾರವಾಗುತ್ತದೆ.

ಇಂತಿ,
ನಿವೃತ್ತ ಸ್ಟಾಫ್ ನರ್ಸ್,
ಜಮಖಂಡಿ ತಾಲ್ಲೂಕು, ಬಾಗಲಕೋಟೆ ಜಿಲ್ಲೆ